ಶಿಕಾಗೋ ಹಿತ್ತಿಲಲ್ಲಿ ಡೇರೆ ಹೂವು: ನೆಡುವುದರಿಂದ ಗೆಡ್ಡೆ ಕಾಯುವವರೆಗೆ

ಸಾಗರ, ಸಿರ್ಸಿ, ತೀರ್ಥಹಳ್ಳಿ ಕಡೆಯವರಿಗೆ ಡೇರೆ, ಅಂದರೆ ಡೇಲಿಯಾ, ಮಳೆಗಾಲದ ಹೂವು. ಮೊದಲ ಮಳೆಗೆ ಅಂಗಳದಂಚಿನಲ್ಲಿ ಗೆಡ್ಡೆ ಊರಿದರೆ ಶ್ರಾವಣ, ಭಾದ್ರಪದದಲ್ಲಿ ಹೂವು. ಅದೇ ಗಿಡ ಶಿಕಾಗೋ ಸುತ್ತಮುತ್ತಲಿನ ಊರುಗಳಲ್ಲಿ ಬೇಸಿಗೆಯ ಹೂವಾಗಿ ಬೆಳೆಯುತ್ತದೆ. ಜುಲೈ ಕೊನೆಗೆ ಒಂದೆರಡು ಬಿಡಲು ಶುರುವಾಗಿ, ಸೆಪ್ಟೆಂಬರ್ ತುಂಬ ಮೈತುಂಬಾ ಅರಳಿ, ಅಕ್ಟೋಬರಿನ ಮೊದಲ ಹಿಮಕ್ಕೆ, ಅಂದರೆ ಇಬ್ಬನಿ ಹೆಪ್ಪುಗಟ್ಟುವ ಚಳಿಗೆ, ಒಂದೇ ರಾತ್ರಿಯಲ್ಲಿ ಕಪ್ಪಾಗಿ ಬಾಗುತ್ತದೆ. ಊರಲ್ಲಿ ಮಳೆ ನೋಡಿಕೊಂಡು ಮಾಡುವ ಕೆಲಸವನ್ನೆಲ್ಲ ಇಲ್ಲಿ ಮಣ್ಣಿನ ಬಿಸಿ ಮತ್ತು ಹಗಲಿನ ಉದ್ದ ನೋಡಿಕೊಂಡು ಮಾಡಬೇಕು. ಈ ಎರಡನ್ನು ಗಮನದಲ್ಲಿಟ್ಟುಕೊಂಡವರ ಹಿತ್ತಿಲಲ್ಲಿ ಡೇರೆ ವರ್ಷ ವರ್ಷವೂ ಹೆಚ್ಚುತ್ತದೆ. ಬರೀ ಕ್ಯಾಲೆಂಡರ್ ನಂಬಿದವರು ಪ್ರತಿ ವಸಂತದಲ್ಲೂ ಹೊಸ ಗೆಡ್ಡೆ ಕೊಳ್ಳುತ್ತಿರುತ್ತಾರೆ.

ಡೇರೆಯ ಮೂಲ ಮೆಕ್ಸಿಕೋದ ಬೆಟ್ಟಸೀಮೆ. 1963ರಲ್ಲಿ ಆ ದೇಶ ಇದನ್ನು ತನ್ನ ರಾಷ್ಟ್ರೀಯ ಪುಷ್ಪವೆಂದು ಸಾರಿತು. ಹಗಲು ಹದವಾದ ಬಿಸಿಲು, ರಾತ್ರಿ ತಂಪು, ಇದು ಅದರ ಹುಟ್ಟುಹವೆ. ಮಡಿಕೇರಿಯಲ್ಲಿ, ಮಲೆನಾಡಿನಲ್ಲಿ ಅದು ಚೆನ್ನಾಗಿ ಬರುವುದಕ್ಕೂ, ಬಯಲುಸೀಮೆಯಲ್ಲಿ ಚಳಿಗಾಲದಲ್ಲಿ ಮಾತ್ರ ಅರಳುವುದಕ್ಕೂ, ಇಲ್ಲಿ ಜುಲೈಗಿಂತ ಸೆಪ್ಟೆಂಬರಿನಲ್ಲಿ ಸೊಗಸಾಗಿ ಕಾಣುವುದಕ್ಕೂ ಕಾರಣ ಅದೇ. ಉಷ್ಣತೆ 32 ಡಿಗ್ರಿ ಸೆಲ್ಸಿಯಸ್ ದಾಟಿ ವಾರಗಟ್ಟಲೆ ನಿಂತರೆ ಗಿಡ ಮೊಗ್ಗು ಬಿಡುವುದನ್ನೇ ನಿಧಾನಿಸುತ್ತದೆ. ಬಿಟ್ಟ ಹೂವೂ ಸಣ್ಣದಾಗಿ, ನಡುವೆ ಹಳದಿ ಕಣ್ಣು ಕಾಣುವಂತೆ ಅರಳುತ್ತದೆ. ಆಗ ಗೊಬ್ಬರ ಸುರಿದು ಪ್ರಯೋಜನವಿಲ್ಲ. ಬುಡಕ್ಕೆ ಎರಡು ಇಂಚು ದಪ್ಪ ಒಣಹುಲ್ಲಿನ ಹೊದಿಕೆ ಹಾಕಿ, ನೀರು ತಪ್ಪಿಸದೆ ಕಾದರೆ ಸಾಕು.

ಗೆಡ್ಡೆ ಆರಿಸುವಾಗ ದಪ್ಪ ನೋಡಿ ಮೋಸಹೋಗಬಾರದು. ಗೆಣಸಿನಂತೆ ಕಾಣುವ ಆ ದಪ್ಪ ಭಾಗದಿಂದ ಚಿಗುರು ಬರುವುದೇ ಇಲ್ಲ. ಅದು ಆಹಾರದ ಕಣಜ ಮಾತ್ರ. ಚಿಗುರುವುದು ಗೆಡ್ಡೆಯ ಕುತ್ತಿಗೆ ಹಳೆಯ ಕಾಂಡಕ್ಕೆ ಸೇರುವ ಜಾಗದಲ್ಲಿರುವ ಕಣ್ಣು. ಕಣ್ಣಿಲ್ಲದ ಗೆಡ್ಡೆ ಅಂಗೈ ಅಗಲ ಇದ್ದರೂ ಮಣ್ಣೊಳಗೆ ಬೇರು ಬಿಟ್ಟುಕೊಂಡು ಹಾಗೇ ಕೂತಿರುತ್ತದೆ. ಕುತ್ತಿಗೆ ಮುರಿದು ಜೋತಾಡುವ ಗೆಡ್ಡೆಯದೂ ಅದೇ ಗತಿ. ಕಿರುಬೆರಳಷ್ಟೇ ಇದ್ದರೂ ಕುತ್ತಿಗೆ ಗಟ್ಟಿಯಾಗಿದ್ದು ಒಂದು ಕಣ್ಣಿದ್ದರೆ ಆರಾಮಾಗಿ ನಾಲ್ಕೈದು ಅಡಿ ಗಿಡವಾಗುತ್ತದೆ.

ತಳಿಗಳು ಸಾವಿರಾರು. ಅಮೆರಿಕನ್ ಡೇಲಿಯಾ ಸೊಸೈಟಿ 1915ರಿಂದ ಇದೆ. ಹೂವಿನ ಗಾತ್ರ, ಆಕಾರಗಳನ್ನು ವಿಂಗಡಿಸುವ ಅವರ ಕ್ರಮವನ್ನೇ ಇಲ್ಲಿನ ಅಂಗಡಿಗಳೂ ಅನುಸರಿಸುತ್ತವೆ. ಹತ್ತು ಇಂಚಿಗೂ ಮೀರಿದ್ದು ದೈತ್ಯ, ಎರಡು ಇಂಚಿನೊಳಗಿನ ಗುಂಡು ಹೂವು ಪಾಂಪಾನ್. ಹೊಸಬರು ಸಾಮಾನ್ಯವಾಗಿ 'ಕೆಫೆ ಓ ಲೇ' ಎಂಬ ಕೆನೆಬಣ್ಣದ ದೊಡ್ಡ ಹೂವಿಗೆ ಮನಸೋಲುತ್ತಾರೆ. ಚಂದದ ಹೂವೇನೋ ಹೌದು, ಆದರೆ ಗಿಡ ಸೂಕ್ಷ್ಮ, ಹೂವು ಕಡಿಮೆ, ಒಂದು ಜೋರು ಮಳೆಗೆ ಭಾರದಿಂದ ತಲೆ ಬಾಗಿಸುತ್ತದೆ. ಮೊದಲ ವರ್ಷಕ್ಕೆ ಗುಂಡಗಿನ ತಳಿಗಳೇ ವಾಸಿ. ಗಾಢ ಕೆಂಪಿನ 'ಕಾರ್ನೆಲ್', ಹವಳದ ಬಣ್ಣದ 'ಜೋವಿ ವಿನಿ' ತಪ್ಪದೆ ಬಿಡುತ್ತವೆ, ಕೊಯ್ದ ಮೇಲೂ ಹೆಚ್ಚು ದಿನ ಇರುತ್ತವೆ. ಕುಂಡದಲ್ಲಿ ಬೆಳೆಸುವವರಿಗೆ ಕಪ್ಪುಛಾಯೆಯ ಎಲೆಯ, ಕಡುಗೆಂಪು ಹೂವಿನ 'ಬಿಷಪ್ ಆಫ್ ಲ್ಯಾಂಡಾಫ್' ಒಳ್ಳೆಯದು. ಇದಕ್ಕೆ ಒಂದೂವರೆ ಅಡಿ ಅಗಲದ ಕುಂಡ ಬೇಕು, ತಳದಲ್ಲಿ ತೂತು ಇರಲೇಬೇಕು.

ಇಲ್ಲಿ ಒಂದು ಮಾತು ಊರಿನವರಿಗೆ. ಮನೆಯ ಡೇರೆ ಗೆಡ್ಡೆಯನ್ನು ಮಗಳ ಸೂಟ್‌ಕೇಸಿನಲ್ಲಿ ಉಪ್ಪಿನಕಾಯಿ ಜೊತೆ ಕಳಿಸುವ ಆಸೆ ಸಹಜವೇ. ಆದರೆ ಅಮೆರಿಕಕ್ಕೆ ಯಾವುದೇ ಗಿಡ, ಗೆಡ್ಡೆ ತರಬೇಕಾದರೂ ಭಾರತದ ಸಸ್ಯ ಸಂರಕ್ಷಣಾ ಇಲಾಖೆಯ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಬೇರಿಗೆ ಮಣ್ಣು ಅಂಟಿರಬಾರದು. ಹೇಳದೆ ತಂದರೆ ವಿಮಾನ ನಿಲ್ದಾಣದಲ್ಲಿ ಗೆಡ್ಡೆಯೂ ಹೋಗುತ್ತದೆ, ದಂಡವೂ ಬೀಳಬಹುದು. ಇಲ್ಲಿ ಊರೂರಿನ ಡೇರೆ ಸಂಘಗಳು ಏಪ್ರಿಲ್, ಮೇ ತಿಂಗಳಲ್ಲಿ ಗೆಡ್ಡೆ ಮಾರಾಟ ಇಟ್ಟುಕೊಳ್ಳುತ್ತವೆ. ಸದಸ್ಯರ ತೋಟದ್ದೇ ಗೆಡ್ಡೆಗಳು, ಬೆಲೆಯೂ ಕಡಿಮೆ, ಆ ಹವೆಗೆ ಯಾವುದು ಒಗ್ಗುತ್ತದೆ ಎಂದು ಕೇಳಿ ತಿಳಿದುಕೊಳ್ಳಲೂ ಬರುತ್ತದೆ.

ನೆಡುವ ಹೊತ್ತನ್ನು ಇಲ್ಲಿ ಮೇ ಎರಡನೆಯ ಭಾನುವಾರ ಬರುವ ತಾಯಂದಿರ ದಿನಕ್ಕೆ ಗಂಟು ಹಾಕುವ ರೂಢಿ ಇದೆ. ಡೇರೆಗೆ ಅದು ಬಹುಪಾಲು ವರ್ಷ ಬೇಗವಾಗುತ್ತದೆ. ಕೊನೆಯ ಹಿಮ ಬಿದ್ದು ಮುಗಿದಿದ್ದರೂ ಮಣ್ಣು ಇನ್ನೂ ತಣ್ಣಗಿರುತ್ತದೆ, ವಸಂತದ ಮಳೆಯ ತೇವ ಬೇರೆ; ತಣ್ಣನೆಯ ಒದ್ದೆಮಣ್ಣಿನಲ್ಲಿ ಚಿಗುರದ ಗೆಡ್ಡೆ ಕೊಳೆಯುತ್ತದೆ. ಅಡುಗೆಮನೆಯ ಥರ್ಮಾಮೀಟರ್ ಒಂದನ್ನು ಬೆಳಗಿನ ಹೊತ್ತು ನಾಲ್ಕು ಇಂಚು ಆಳಕ್ಕೆ ಚುಚ್ಚಿ ನೋಡಿ. ಮೂರ್ನಾಲ್ಕು ದಿನ ಸತತವಾಗಿ 15–16 ಡಿಗ್ರಿ ತೋರಿಸಿದರೆ ನೆಡಬಹುದು. ಶಿಕಾಗೋ ಉಪನಗರಗಳಲ್ಲಿ ಅದು ಮೇ ಮೂರನೆಯ ಅಥವಾ ಕೊನೆಯ ವಾರ. ಹೂವು ಬೇಗ ಬೇಕು ಅನ್ನುವವರು ಏಪ್ರಿಲ್ ಮಧ್ಯದಲ್ಲೇ ಗೆಡ್ಡೆಯನ್ನು ಒಂದು ಗ್ಯಾಲನ್ ಕುಂಡದಲ್ಲಿ, ಹಿಂಡಿದರೆ ನೀರು ತೊಟ್ಟಿಕ್ಕದಷ್ಟೇ ತೇವದ ಮಣ್ಣಿನ ಮಿಶ್ರಣದಲ್ಲಿ ಮನೆಯೊಳಗೆ ಚಿಗುರಿಸಿಕೊಳ್ಳುತ್ತಾರೆ. ಅಂಥ ಸಸಿಯನ್ನು ಒಮ್ಮೆಲೇ ಬಿಸಿಲಿಗೆ ಇಟ್ಟರೆ ಎಲೆ ಸುಟ್ಟು ಬಿಳಿಚುತ್ತದೆ. ಮೊದಲ ದಿನ ಒಂದು ಗಂಟೆ ನೆರಳಿನಲ್ಲಿಟ್ಟು, ದಿನದಿನಕ್ಕೆ ಹೊತ್ತು ಹೆಚ್ಚಿಸುತ್ತಾ ವಾರ ಹತ್ತು ದಿನ ಹೊರಗಿನ ಗಾಳಿಬಿಸಿಲಿಗೆ ಒಗ್ಗಿಸಬೇಕು.

ದಿನಕ್ಕೆ ಆರರಿಂದ ಎಂಟು ಗಂಟೆ ನೇರ ಬಿಸಿಲು ಬೀಳುವ ಜಾಗ ಆರಿಸಿ. ಇಲ್ಲಿನ ಜೇಡಿಮಣ್ಣು ನೀರು ಬಿಟ್ಟುಕೊಡುವುದಿಲ್ಲ. ಮಣ್ಣು ಅಗೆದು ಕಾಂಪೋಸ್ಟ್ ಬೆರೆಸುವುದು ಒಂದು ದಾರಿ, ಒಂದು ಅಡಿ ಎತ್ತರದ ಮಡಿ ಕಟ್ಟುವುದು ಇನ್ನೂ ನೆಮ್ಮದಿಯ ದಾರಿ. ನಾಲ್ಕರಿಂದ ಆರು ಇಂಚು ಆಳದ ಗುಳಿಯಲ್ಲಿ ಗೆಡ್ಡೆಯನ್ನು ಅಡ್ಡಲಾಗಿ, ಕಣ್ಣು ಮೇಲಾಗಿ ಮಲಗಿಸಿ. ದೊಡ್ಡ ತಳಿಗೆ ಗಿಡದಿಂದ ಗಿಡಕ್ಕೆ ಎರಡು ಅಡಿ, ಸಣ್ಣದಕ್ಕೆ ಒಂದೂವರೆ ಅಡಿ. ಐದಾರು ಅಡಿಯ ಆಸರೆ ಕೋಲನ್ನು ಆಗಲೇ, ಕಣ್ಣಿನ ಪಕ್ಕದಲ್ಲೇ ನೆಟ್ಟುಬಿಡಿ. ಜುಲೈಯಲ್ಲಿ ಗಿಡ ವಾಲಿದ ಮೇಲೆ ಕೋಲು ಹೊಡೆಯಲು ಹೋದರೆ ಅದು ಮಣ್ಣೊಳಗಿನ ಗೆಡ್ಡೆಯನ್ನು ಸೀಳುತ್ತದೆ.

ನೆಟ್ಟ ತಕ್ಷಣ ನೀರು ಹಾಕಬೇಡಿ. ಊರಲ್ಲಿ ಗಿಡ ನೆಟ್ಟವರ ಕೈ ತಾನಾಗಿಯೇ ಚೊಂಬಿನ ಕಡೆ ಹೋಗುತ್ತದೆ, ಆದರೆ ಬೇರಿಲ್ಲದ ಗೆಡ್ಡೆ ನೀರು ಹೀರಲಾರದು. ಚಿಗುರು ಮಣ್ಣಿನ ಮೇಲೆ ಕಾಣಿಸುವ ತನಕ ಮೇ ತಿಂಗಳ ಮಳೆಯೇ ಸಾಕು. ಚಿಗುರಲು ಎರಡು ಮೂರು ವಾರ, ಕೆಲವು ತಳಿಗೆ ಐದು ವಾರವೂ ಹಿಡಿಯುತ್ತದೆ. ಆತುರಕ್ಕೆ ಕೆದಕಿ ನೋಡಿದರೆ ಮುರಿಯುವುದು ಆ ಎಳೆಯ ಚಿಗುರೇ.

ಚಿಗುರು ಕಂಡ ದಿನದಿಂದ ಕಾವಲು ಶುರು. ಮೊದಲು ಬರುವುದು ಮೊಲ ಮತ್ತು ಚಿಪ್ಪಿಲ್ಲದ ಬಸವನಹುಳು. ಮೊಲಕ್ಕೆ ಎರಡು ಅಡಿ ಎತ್ತರದ ತಂತಿಬಲೆ, ಹುಳುವಿಗೆ ಐರನ್ ಫಾಸ್ಫೇಟ್ ಹರಳು. ಗಿಡ ಒಂದು ಅಡಿ ಏರಿ ನಾಲ್ಕು ಜೊತೆ ಎಲೆ ಬಿಟ್ಟಾಗ ನಡುವಿನ ಕುಡಿ ಚಿವುಟಬೇಕು. ಕೈ ಬಾರದೆ ಬಿಟ್ಟರೆ ಒಂದೇ ದಪ್ಪ ಕಾಂಡ ಎದ್ದು, ತುದಿಯಲ್ಲಿ ಗಿಡ್ಡ ತೊಟ್ಟಿನ ನಾಲ್ಕು ಹೂವು ಬಿಟ್ಟು ಗಾಳಿಗೆ ಮುರಿಯುತ್ತದೆ. ಚಿವುಟಿದರೆ ಎಲೆಸಂದಿಗಳಿಂದ ಆರೆಂಟು ಕವಲು ಹೊರಡುತ್ತವೆ. ಮೊದಲ ಹೂವು ವಾರವೋ ಎರಡು ವಾರವೋ ತಡವಾದರೂ ಆಮೇಲಿನ ಹೂವಿಗೆ ಲೆಕ್ಕವಿಲ್ಲ. ದೊಡ್ಡ ಹೂವು ಬೇಕಾದರೆ ಇನ್ನೊಂದು ಕೆಲಸವಿದೆ. ಕವಲಿನ ತುದಿಯಲ್ಲಿ ಮೊಗ್ಗು ಮೂರರ ಗುಂಪಾಗಿ ಬರುತ್ತದೆ. ಬಟಾಣಿ ಗಾತ್ರದಲ್ಲಿರುವಾಗಲೇ ಅಕ್ಕಪಕ್ಕದ ಎರಡನ್ನು ಉಗುರಿನಿಂದ ತೆಗೆದರೆ ನಡುವಿನದು ಪೂರ್ತಿ ಬಲ ಹೀರಿಕೊಳ್ಳುತ್ತದೆ.

ಬೇರೂರಿದ ಮೇಲೆ ವಾರಕ್ಕೆ ಎರಡು ಮೂರು ಬಾರಿ ಬುಡಕ್ಕೆ ಆಳವಾಗಿ ಇಳಿಯುವಂತೆ ನೀರು ಕೊಡಿ. ದಿನಾ ಮೇಲಿಂದ ಚಿಮುಕಿಸುವುದು ಬೇಡ, ಎಲೆ ಒದ್ದೆಯಾದರೆ ರೋಗ. ನೆಟ್ಟು ಒಂದು ತಿಂಗಳಾದ ಮೇಲೆ ಸಾರಜನಕ ಕಡಿಮೆಯಿರುವ 5-10-10 (ಸಾರಜನಕ, ರಂಜಕ, ಪೊಟ್ಯಾಶ್‌ಗಳ ಶೇಕಡಾ ಪ್ರಮಾಣ) ರೀತಿಯ ಗೊಬ್ಬರವನ್ನು ಮೂರ್ನಾಲ್ಕು ವಾರಕ್ಕೊಮ್ಮೆ ಕೊಟ್ಟು, ಆಗಸ್ಟ್ ಕೊನೆಗೆ ನಿಲ್ಲಿಸಿ. ಹುಲ್ಲುಹಾಸಿಗೆ ಹಾಕುವ ಸಾರಜನಕದ ಗೊಬ್ಬರ ಬಿದ್ದ ಗಿಡ ಹಸಿರಾಗಿ ಕೊಬ್ಬಿರುತ್ತದೆ, ಹೂವಿರುವುದಿಲ್ಲ. ಅಂಥ ಗಿಡದ ಗೆಡ್ಡೆ ನೀರುನೀರಾಗಿದ್ದು ಚಳಿಗಾಲದಲ್ಲಿ ಕೊಳೆಯುವುದೂ ಹೆಚ್ಚು.

ಜೂನ್ ಕೊನೆಯಿಂದ ಜಪಾನೀಸ್ ಬೀಟಲ್ ಎಂಬ ತಾಮ್ರದ ಬೆನ್ನಿನ ಜೀರುಂಡೆ ಬರುತ್ತದೆ, ತಿಳಿಬಣ್ಣದ ಹೂವೆಂದರೆ ಅದಕ್ಕೆ ಪ್ರಾಣ. ಬೆಳಗಿನ ತಂಪಿನಲ್ಲಿ ಅದು ಮಂಕಾಗಿರುವಾಗ ಸಾಬೂನು ನೀರಿನ ಡಬ್ಬಿ ಹಿಡಿದು ಕೊಡವಿಕೊಳ್ಳಬೇಕು. ವಾಸನೆಯ ಬಲೆ ಮಾತ್ರ ತೂಗುಹಾಕಬೇಡಿ; ಅದು ಹಿಡಿಯುವುದಕ್ಕಿಂತ ಹೆಚ್ಚು ಜೀರುಂಡೆಗಳನ್ನು ಅಕ್ಕಪಕ್ಕದಿಂದ ಕರೆದು ತರುತ್ತದೆ. ಬಾಲದಲ್ಲಿ ಇಕ್ಕಳವಿರುವ ಇಯರ್‌ವಿಗ್ ರಾತ್ರಿ ಎಸಳು ಕೊರೆಯುತ್ತದೆ. ಸಂಜೆ ಒದ್ದೆ ಪೇಪರಿನ ಸುರುಳಿ ಗಿಡದ ಬುಡದಲ್ಲಿಟ್ಟರೆ ಬೆಳಗ್ಗೆ ಅದರೊಳಗೆ ಅಡಗಿರುತ್ತವೆ. ಒಣ ಆಗಸ್ಟಿನಲ್ಲಿ ಎಲೆಯಡಿ ನುಸಿ ಕಂಡರೆ ಪೈಪಿನ ನೀರನ್ನು ಎಲೆಯ ಕೆಳಮೈಗೆ ಜೋರಾಗಿ ಹಾಯಿಸಿ. ಅದನ್ನು ಬೆಳಗ್ಗೆಯೇ ಮಾಡಿದರೆ ಸಂಜೆಯೊಳಗೆ ಎಲೆ ಒಣಗುತ್ತದೆ. ಬೂದಿರೋಗಕ್ಕೆ ಬುಡದಿಂದ ಒಂದು ಅಡಿ ಎತ್ತರದವರೆಗಿನ ಎಲೆ ಸವರಿ ಗಾಳಿಯಾಡಿಸುವುದೇ ಅರ್ಧ ಔಷಧ. ಎಲೆಯ ನರದ ಗುಂಟ ಹಳದಿ ಗೆರೆ ಎದ್ದು ಗಿಡ ಕುಬ್ಜವಾದರೆ ಅದು ವೈರಸ್ ಇರಬಹುದು. ಅದಕ್ಕೆ ಮದ್ದಿಲ್ಲ, ಗೆಡ್ಡೆಸಮೇತ ಕಿತ್ತು ಕಸಕ್ಕೆ ಹಾಕಬೇಕು, ಗೊಬ್ಬರಗುಂಡಿಗಲ್ಲ. ಗಿಡದಿಂದ ಗಿಡಕ್ಕೆ ಹೋಗುವಾಗ ಕತ್ತರಿಯನ್ನು ಒಂದು ಪಾಲು ಬ್ಲೀಚ್, ಒಂಬತ್ತು ಪಾಲು ನೀರಿನಲ್ಲಿ ಅದ್ದುವ ಅಭ್ಯಾಸ ಇದ್ದರೆ ಈ ನಷ್ಟ ಹಬ್ಬುವುದಿಲ್ಲ.

ಜುಲೈಯಲ್ಲಿ ಡೇರೆ ಇನ್ನೂ ಮೈಕಟ್ಟಿಕೊಳ್ಳುತ್ತಿರುವಾಗ ಹಿತ್ತಿಲು ಬೋಳಾಗಿ ಕಾಣದಿರಲು, ಗೆಡ್ಡೆ ನೆಡುವಾಗಲೇ ಸುತ್ತ ಜಿನ್ನಿಯಾ, ಚೆಂಡುಹೂವಿನ ಬೀಜ ಉದುರಿಸಿದರೆ ಎರಡು ತಿಂಗಳಲ್ಲಿ ಹೂವು.

ಗಣೇಶ ಚೌತಿಯ ಹೊತ್ತಿಗೆ ಡೇರೆ ಏರುಗತಿಯಲ್ಲಿರುತ್ತದೆ. ಇಲ್ಲಿನ ಕನ್ನಡಿಗರ ಮನೆಗಳಲ್ಲಿ ಮಂಟಪಕ್ಕೆ ಅಂಗಡಿಯ ಹೂವು ತರಬೇಕಾದ ಅಗತ್ಯವೇ ಬೀಳದ ದಿನಗಳು ಇವು. ಆ ಸಮೃದ್ಧಿಯ ಸಂತೋಷ ದೊಡ್ಡದು. ಡೇರೆ ಮೊಗ್ಗಿನಲ್ಲಿ ಕೊಯ್ದರೆ ನೀರಿನಲ್ಲಿ ಅರಳುವುದಿಲ್ಲ. ಮುಕ್ಕಾಲು ಭಾಗ ಬಿಡಿಸಿದ, ಹಿಂದಿನ ಎಸಳು ಬಿರುಸಾಗಿರುವ ಹೂವನ್ನು ಬೆಳಗಿನ ತಂಪಿನಲ್ಲಿ ಉದ್ದ ತೊಟ್ಟಿನೊಂದಿಗೆ ಕೊಯ್ಯಿರಿ. 70–80 ಡಿಗ್ರಿ ಸೆಲ್ಸಿಯಸ್ ಬಿಸಿಯ ಎರಡು ಇಂಚು ನೀರಿನಲ್ಲಿ ತೊಟ್ಟಿನ ತುದಿ ನಿಲ್ಲಿಸಿ, ಅದು ತಾನಾಗಿ ಆರುವವರೆಗೆ ಒಂದು ಗಂಟೆ ಬಿಟ್ಟರೆ ನಾಲ್ಕರಿಂದ ಆರು ದಿನ ಬಾಡದೆ ಇರುತ್ತದೆ. ಗಿಡದಲ್ಲೇ ಉಳಿದು ಬಾಡಿದ್ದನ್ನು ಆಗಾಗ ತೆಗೆಯಬೇಕು, ಬಿಟ್ಟರೆ ಗಿಡ ಬೀಜ ಕಟ್ಟುವತ್ತ ತಿರುಗುತ್ತದೆ. ಎಸಳುದುರಿದ ಹೂವು ಮತ್ತು ಮೊಗ್ಗು ನೋಡಲು ಒಂದೇ ತರಹ: ಗುಂಡಗಿದ್ದರೆ ಮೊಗ್ಗು, ಚೂಪಾಗಿದ್ದರೆ ಮುಗಿದ ಹೂವು.

ಜೂನ್ 21ರ ಹಗಲು ಶಿಕಾಗೋದಲ್ಲಿ ಸುಮಾರು 15 ಗಂಟೆ, ಸಾಗರದಲ್ಲಿ ಸುಮಾರು 13. ಹಗಲು 12 ಗಂಟೆಗಿಂತ ಕಿರಿದಾದಾಗ ಡೇರೆ ಗೆಡ್ಡೆ ಬಲಿಸುವುದಕ್ಕೆ ತೊಡಗುತ್ತದೆ. ಅಂದರೆ ಇಲ್ಲಿ ಸೆಪ್ಟೆಂಬರ್ ಕೊನೆಯಿಂದ ಹಿಮ ಬೀಳುವವರೆಗಿನ ಮೂರ್ನಾಲ್ಕು ವಾರದಲ್ಲಿ ಮುಂದಿನ ವರ್ಷದ ಬಂಡವಾಳ ತಯಾರಾಗಬೇಕು. ಚಳಿ ಶುರುವಾಯಿತೆಂದು ಅಕ್ಟೋಬರ್ ಮೊದಲ ವಾರವೇ ಅಗೆದರೆ ಸಿಗುವುದು ಎಳೆಯ, ತೆಳುಸಿಪ್ಪೆಯ ಗೆಡ್ಡೆ, ಕ್ರಿಸ್‌ಮಸ್ ಹೊತ್ತಿಗೆ ಸುಕ್ಕುಗಟ್ಟಿ ಹೋಗುತ್ತದೆ. ಗಿಡ ಕಪ್ಪಾಗಲಿ. ಆಮೇಲೆ ಕಾಂಡವನ್ನು ಆರು ಇಂಚಿಗೆ ಕತ್ತರಿಸಿ, ಇನ್ನೊಂದು ವಾರ ಬಿಟ್ಟರೆ ಕಣ್ಣುಗಳು ಉಬ್ಬಿ ಎದ್ದು ಕಾಣುತ್ತವೆ. ನೆಲ ಹೆಪ್ಪುಗಟ್ಟುವ ಮೊದಲು, ಕಾಂಡದಿಂದ ಒಂದು ಅಡಿ ದೂರದಲ್ಲಿ ಸುತ್ತಲೂ ತೋಟದ ಫೋರ್ಕ್ ಹಾಕಿ ಎಬ್ಬಿಸಿ. ಕಾಂಡ ಹಿಡಿದು ಎಳೆದರೆ ಕುತ್ತಿಗೆ ಮುರಿಯುತ್ತದೆ.

ತೊಳೆದು, ಒಂದೊಂದು ಗೆಡ್ಡೆಗೂ ಒಂದೊಂದು ಕಣ್ಣು ಬರುವಂತೆ ಹರಿತವಾದ ಚಾಕುವಿನಿಂದ ಬಿಡಿಸಿ, ಪೇಪರಿನ ಮೇಲೆ ನೆರಳಿನಲ್ಲಿ ಒಂದೆರಡು ದಿನ ಆರಿಸಿ. ಕಾಂಕ್ರೀಟ್ ನೆಲದ ಮೇಲೆ ಹರವಿದರೆ ಅದು ತೇವ ಹೀರಿ ಗೆಡ್ಡೆ ಒಣಗಿಸುತ್ತದೆ. ಆಮೇಲೆ ವರ್ಮಿಕ್ಯುಲೈಟ್ (ತೇವ ಹಿಡಿದಿಡುವ ಹಗುರ ಖನಿಜದ ಚೂರು) ತುಂಬಿದ ಡಬ್ಬಿಯಲ್ಲಿ ಒಂದಕ್ಕೊಂದು ತಾಗದಂತೆ ಇಟ್ಟು, 4ರಿಂದ 10 ಡಿಗ್ರಿ ಇರುವ ಕತ್ತಲ ಜಾಗ ಹುಡುಕಿ. ಇಲ್ಲಿನ ಮನೆಗಳಲ್ಲಿ ಕಷ್ಟ ಇದೊಂದೇ: ನೆಲಮಾಳಿಗೆಯಲ್ಲಿ ಮನೆ ಬೆಚ್ಚಗಿಡುವ ಫರ್ನೇಸ್ ಪಕ್ಕ ವಿಪರೀತ ಬಿಸಿ, ಬೇರೆ ಕಟ್ಟಡವಾಗಿರುವ ಗ್ಯಾರೇಜಿನಲ್ಲಿ ಜನವರಿಗೆ ಶೂನ್ಯದ ಕೆಳಗೆ. ಹೊರಗೋಡೆಗೆ ತಾಗಿದ ನೆಲಮಾಳಿಗೆಯ ಮೂಲೆ ಅಥವಾ ಮನೆಗೆ ಅಂಟಿದ ಗ್ಯಾರೇಜಿನ ಒಳಗೋಡೆ ಸಾಮಾನ್ಯವಾಗಿ ಸರಿಹೋಗುತ್ತದೆ. ಥರ್ಮಾಮೀಟರ್ ಇಟ್ಟು ಖಾತ್ರಿ ಮಾಡಿಕೊಳ್ಳಿ. ತಿಂಗಳಿಗೊಮ್ಮೆ ಡಬ್ಬಿ ತೆರೆದು, ಸುಕ್ಕಿದ್ದರೆ ಚೂರು ನೀರು ಚಿಮುಕಿಸಿ, ಕೊಳೆತ ಭಾಗವಿದ್ದರೆ ಗಟ್ಟಿ ತಿರುಳು ಸಿಗುವವರೆಗೆ ಕತ್ತರಿಸಿ, ಗಾಯ ಒಣಗಿದ ಮೇಲೆ ಮತ್ತೆ ಇಡಿ.

ತಳಿಯ ಹೆಸರನ್ನು ಚೀಟಿಯಲ್ಲಿ ಬರೆದಿಟ್ಟರೆ ಚೀಟಿ ಕಳೆಯುತ್ತದೆ. ಗೆಡ್ಡೆಯ ಸಿಪ್ಪೆಯ ಮೇಲೆಯೇ ಅಳಿಸದ ಮಾರ್ಕರಿನಲ್ಲಿ ಹೆಸರು, ಬಣ್ಣ, ಎತ್ತರ ಬರೆಯಿರಿ. ಒಂದು ಗಿಡ ಐದರಿಂದ ಹತ್ತು ಗೆಡ್ಡೆ ಕೊಡುವುದುಂಟು, ಎಲ್ಲವನ್ನೂ ನೆಡಲು ಯಾರ ಹಿತ್ತಿಲೂ ಸಾಲದು. ಏಪ್ರಿಲ್‌ನಲ್ಲಿ ಕಣ್ಣು ಚಿಗುರಿದ ಗೆಡ್ಡೆಗಳನ್ನಷ್ಟೇ ಆರಿಸಿ ಸ್ನೇಹಿತರಿಗೆ, ನೆರೆಯವರಿಗೆ ಕೊಡಿ. ಕಣ್ಣು ಕಾಣದವನ್ನು ನೀವೇ ಇನ್ನೆರಡು ವಾರ 20 ಡಿಗ್ರಿ ಬೆಚ್ಚಗಿನ ಕೋಣೆಯಲ್ಲಿ ಒದ್ದೆ ಪೇಪರಿನ ಕೆಳಗಿಟ್ಟು ನೋಡಿ. ಆಗಲೂ ಚಿಗುರದಿದ್ದರೆ ಅವನ್ನು ಗೊಬ್ಬರಗುಂಡಿಗೆ ಹಾಕಬಹುದು.