ಬಾಯಿ ಮುಚ್ಚಿದ ಗಾಯಕರ ಫೋಟೊ

ಕರ್ನಾಟಕ ಸಂಗೀತದ ಮಹಾ ರಚನಕಾರ ತ್ಯಾಗರಾಜರ ಆರಾಧನೆ, ಅಂದರೆ ಪುಣ್ಯತಿಥಿ, ಬರುವುದು ಪುಷ್ಯ ಬಹುಳ ಪಂಚಮಿಯಂದು. ಹಾಸನದಲ್ಲಿ ಅದು ಮೈ ಕೊರೆಯುವ ಚಳಿಯ ಕಾಲ. ಊರಿನ ಸಂಗೀತ ಸಭೆಯೊಂದರವರು ಎಲ್ಲರೂ ಒಟ್ಟಿಗೆ ಕುಳಿತು ಹಾಡುವ ಬೆಳಗಿನ ಗೋಷ್ಠಿ ಗಾಯನದಿಂದ ರಾತ್ರಿಯ ಕಚೇರಿಯವರೆಗೆ ಫೋಟೊ ತೆಗೆದುಕೊಡಬೇಕೆಂದು ಕರೆದಿದ್ದರು. ನಡುವೆ, ಮಧ್ಯಾಹ್ನ, ಅಂದು ಸನ್ಮಾನಗೊಳ್ಳಲಿದ್ದ ಹಿರಿಯ ವಿದ್ವಾಂಸರೊಬ್ಬರ ಭಾವಚಿತ್ರವನ್ನು ಅವರ ಮನೆಯಲ್ಲೇ ತೆಗೆಯಬೇಕಿತ್ತು. ಮದುವೆ, ನಾಮಕರಣ, ಗೃಹಪ್ರವೇಶಗಳ ನಡುವೆ ಇಂಥ ಕೆಲಸ ಬಂದಾಗ ನಾನು ದುಡ್ಡಿನ ಮಾತೆತ್ತುವುದಿಲ್ಲ. ಅವರೂ ಎತ್ತುವುದಿಲ್ಲ ಎಂಬುದು ಬೇರೆ ವಿಷಯ.

ಗೋಷ್ಠಿ ಗಾಯನವನ್ನು ಚಿತ್ರಿಸುವುದು ಮೇಲ್ನೋಟಕ್ಕೆ ಸುಲಭ. ಜಮಖಾನದ ಮೇಲೆ ಸಾಲುಸಾಲಾಗಿ ಕುಳಿತವರು, ಜರಿ ಶಾಲು, ರೇಷ್ಮೆ ಸೀರೆ, ಹೂವಿನ ಹಾರ ಹಾಕಿದ ಪಟ. ಅಗಲವಾದ ಲೆನ್ಸಿನಲ್ಲಿ ಒಂದು ಫೋಟೊ ತೆಗೆದರೆ ಪತ್ರಿಕೆಗೆ ಸಾಕು. ಆದರೆ ಅದರಲ್ಲಿ ಸಂಗೀತವೇ ಇರುವುದಿಲ್ಲ, ಜನ ಮಾತ್ರ ಇರುತ್ತಾರೆ. ಆದ್ದರಿಂದ ನಾನು ಮುಂದಿನ ಸಾಲಿನ ಮಧ್ಯದಲ್ಲಿ ಕುಳಿತ ಹಿರಿಯರ ಬಲಗೈಯನ್ನು ಹಿಡಿದುಕೊಂಡೆ, ಅಂದರೆ ಕ್ಯಾಮೆರಾದಲ್ಲಿ. ಗೋಷ್ಠಿಯಲ್ಲಿ ಹಾಡುವ ತ್ಯಾಗರಾಜರ ಪಂಚರತ್ನ ಕೃತಿಗಳು ಐದು ರಾಗಗಳಲ್ಲಿದ್ದರೂ ತಾಳ ಐದಕ್ಕೂ ಒಂದೇ, ಆದಿತಾಳ. ತೊಡೆಯ ಮೇಲೆ ಒಂದು ತಟ್ಟು, ಮೂರು ಬೆರಳೆಣಿಕೆ, ತಟ್ಟು, ಬೀಸು, ತಟ್ಟು, ಬೀಸು. ಐವತ್ತು ಜನ ಹಾಡುವಾಗ ಯಾರೂ ನಾಯಕರೆಂದು ಹೇಳಿಕೊಳ್ಳುವುದಿಲ್ಲ, ಆದರೆ ಎಲ್ಲರ ಕಣ್ಣೂ ಆಗಾಗ ಒಂದೇ ತೊಡೆಯ ಕಡೆಗೆ ಓಡುತ್ತದೆ. ತಟ್ಟುವಾಗ ಫೋಟೊ ತೆಗೆದರೆ ಸೊಳ್ಳೆ ಹೊಡೆದಂತೆ ಕಾಣುತ್ತದೆ. ಅಂಗೈ ಮೇಲ್ಮುಖವಾಗಿ ತೆರೆದುಕೊಳ್ಳುವ ಬೀಸಿನಲ್ಲಿ ತೆಗೆಯಬೇಕು. ತಾಳ ತಿಳಿದಿದ್ದರೆ ಆ ಕ್ಷಣಕ್ಕಾಗಿ ಹುಡುಕಬೇಕಾಗಿಲ್ಲ, ಅದು ಹೇಳಿದ ಹೊತ್ತಿಗೆ ಬರುತ್ತದೆ.

ಬೆಂಗಳೂರಿನಲ್ಲಿ ಒಮ್ಮೆ ಪಾಶ್ಚಾತ್ಯ ವಾದ್ಯವೃಂದದ ತಾಲೀಮನ್ನು ಚಿತ್ರಿಸುವ ಅವಕಾಶ ಸಿಕ್ಕಿತ್ತು. ಅಲ್ಲಿ ವೃಂದವನ್ನು ನಡೆಸುವ ಕಂಡಕ್ಟರ್ ಸಭಿಕರಿಗೆ ಬೆನ್ನು ತೋರಿಸಿ ನಿಲ್ಲುತ್ತಾರೆ. ದುಡ್ಡು ಕೊಟ್ಟು ಬಂದವರಿಗೆಲ್ಲ ಕಾಣುವುದು ಕೋಟಿನ ಹಿಂಭಾಗ. ಮುಖ ಬೇಕೆಂದರೆ ಫೋಟೊಗ್ರಾಫರ್ ವಾದಕರೆಲ್ಲರ ಹಿಂದೆ, ದೊಡ್ಡ ಡ್ರಮ್ಮುಗಳ ಪಕ್ಕದಲ್ಲಿ, ಅದೂ ತಾಲೀಮಿನ ಹೊತ್ತಿನಲ್ಲೇ ನಿಲ್ಲಬೇಕು. ಕಚೇರಿಯ ದಿನ ಅಲ್ಲಿಗೆ ಬಿಡುವುದಿಲ್ಲ. ನಾಲ್ಕರ ಲಯದಲ್ಲಿ ಅವರ ಕೈ ಕೆಳಕ್ಕೆ, ಒಳಕ್ಕೆ, ಹೊರಕ್ಕೆ, ಮೇಲಕ್ಕೆ ಹೋಗುತ್ತದೆ. ಕೋಲು ಮೇಲೇರಿ, ಇನ್ನೇನು ಇಳಿಯಬೇಕು ಎನ್ನುವ ತುದಿಯಲ್ಲಿ ಚಿತ್ರ ಸಿಗುತ್ತದೆ. ಆದರೆ ನನ್ನನ್ನು ಕಾಡಿದ್ದು ಕೈಯಲ್ಲ. ಇಡೀ ವೇದಿಕೆಯಲ್ಲಿ ಯಾವ ಸದ್ದನ್ನೂ ಮಾಡದವರು ಅವರೊಬ್ಬರೇ. ಪಿಟೀಲು ನುಡಿಸುವವರತ್ತ ಕೈ ಬೀಸುತ್ತಿದ್ದರೂ ಅವರ ಮುಖ ಎಲ್ಲೋ ಹಿಂದಿನ ಸಾಲಿನ ಕೊಳಲಿಗೆ ಕಿವಿಗೊಟ್ಟಿರುತ್ತಿತ್ತು. ಅಂದಿನಿಂದ ಯಾವ ಸಂಗೀತಗಾರರ ಎದುರು ನಿಂತರೂ ನಾನು ಹುಡುಕುವುದು ಕೇಳುತ್ತಿರುವ ಮುಖವನ್ನು.

ಗೋಷ್ಠಿಯಲ್ಲಿ ಅದು ವರಾಳಿ ರಾಗದ ಕೃತಿಯಲ್ಲಿ ಸಿಕ್ಕಿತು. ನಾಟ, ಗೌಳ, ಆರಭಿ ರಾಗಗಳ ಮೂರನ್ನೂ ಎಲ್ಲರೂ ಎದೆ ತುಂಬಿ ಹಾಡಿದರು. ವರಾಳಿಯ ಕೃತಿ ಬಂದಾಗ ದನಿಗಳು ತೆಳ್ಳಗಾದವು, ಪುಸ್ತಕದ ಹಾಳೆ ಮಗುಚುವ ಸದ್ದು ಹೆಚ್ಚಿತು. ವರಾಳಿಯನ್ನು ಗುರು ಶಿಷ್ಯನಿಗೆ ನೇರವಾಗಿ ಹೇಳಿಕೊಡಬಾರದೆಂಬ ನಂಬಿಕೆಯೊಂದು ಸಂಗೀತಗಾರರಲ್ಲಿದೆ. ಅದರ ನೆಪದಲ್ಲಿ ಪಾಠ ತಪ್ಪಿಸಿಕೊಂಡವರೂ ಇದ್ದಾರೆಂದು ನನ್ನ ಗುಮಾನಿ. ಗೊತ್ತಿಲ್ಲದವರು ಗೊತ್ತಿದ್ದವರತ್ತ ಕತ್ತು ಹೊರಳಿಸಿ, ತುಟಿ ಅರ್ಧ ತೆರೆದು, ಮುಂದಿನ ಸಾಲಿಗಾಗಿ ಕಾಯುತ್ತಿದ್ದರು. ಆ ಬೆಳಗಿನ ಒಳ್ಳೆಯ ಚಿತ್ರಗಳೆಲ್ಲ ಅಲ್ಲಿಯವು. ಶ್ರೀ ರಾಗ ಬಂದ ಕೂಡಲೇ ಎಲ್ಲರೂ ಮತ್ತೆ ಗಟ್ಟಿಯಾದರು. ನಾನು ಉಪ್ಪಿಟ್ಟು ತಿನ್ನಲು ಹೋದೆ.

ಮಧ್ಯಾಹ್ನದ ವಿದ್ವಾಂಸರ ಮೂಲ ರುದ್ರಪಟ್ಟಣ. ಅರಕಲಗೂಡು ತಾಲ್ಲೂಕಿನಲ್ಲಿ ಕಾವೇರಿಯ ದಂಡೆಯ ಮೇಲಿರುವ ಆ ಸಣ್ಣ ಊರಿನ ಹೆಸರು ಹೇಳಿದರೆ ಸಂಗೀತ ಬಲ್ಲವರು ಕುಳಿತಲ್ಲೇ ನೆಟ್ಟಗಾಗುತ್ತಾರೆ. 1920ರಲ್ಲಿ ಹುಟ್ಟಿ, ತೊಂಬತ್ತು ದಾಟಿದ ಮೇಲೂ ಕಚೇರಿ ಮಾಡಿದ ಆರ್.ಕೆ. ಶ್ರೀಕಂಠನ್ ಅಲ್ಲಿಯವರು, ರುದ್ರಪಟ್ಟಣ ಸಹೋದರರೆಂದೇ ಹೆಸರಾದ ತ್ಯಾಗರಾಜನ್ ಮತ್ತು ತಾರಾನಾಥನ್ ಅಲ್ಲಿಯವರು, ಆರ್.ಕೆ. ಪದ್ಮನಾಭ ಅಲ್ಲಿಯವರು. ಪದ್ಮನಾಭರ ಶ್ರಮದಿಂದ ಊರಿನಲ್ಲಿ ತಂಬೂರಿಯ ಆಕಾರದ ಗುಡಿಯೊಂದು ಎದ್ದಿದೆ. ನಮ್ಮ ವಿದ್ವಾಂಸರು ಅಷ್ಟು ದೂರ ಹೆಸರು ಹೋದವರಲ್ಲ. ಹಾಸನದ ಹಳೆಯ ಬಡಾವಣೆಯ ಹೆಂಚಿನ ಮನೆಯಲ್ಲಿ ಮಕ್ಕಳಿಗೆ ಸರಳೆ, ಜಂಟಿ ವರಸೆಯಂಥ ಮೊದಲ ಪಾಠ ಹೇಳಿಕೊಡುತ್ತ ಮುದುಕರಾದವರು.

ನಾನು ಹೋಗುವಷ್ಟರಲ್ಲಿ ಅವರು ಸನ್ಮಾನದ ಶಾಲುಗಳಲ್ಲೇ ದಪ್ಪನೆಯದನ್ನು ಹೊದ್ದು, ಪ್ರಶಸ್ತಿ ಫಲಕಗಳ ಮುಂದೆ ಕುರ್ಚಿ ಹಾಕಿಕೊಂಡು ಸಿದ್ಧರಾಗಿದ್ದರು. ಕೂತವರೇ ಬಲಗೈ ಎತ್ತಿ, ಬಾಯಿ ತೆರೆದು, ಹಾಗೆಯೇ ಅಲುಗದೆ ಉಳಿದುಬಿಟ್ಟರು. ಹಾಡುತ್ತಿರಲಿಲ್ಲ, ಹಾಡುವವರಂತೆ ಕಾಣುತ್ತಿದ್ದರು. ಭಾವಚಿತ್ರದಲ್ಲಿ ಇದಕ್ಕಿಂತ ದೊಡ್ಡ ತೊಡಕಿಲ್ಲ. ಅಮೆರಿಕದ ಫೋಟೊಗ್ರಾಫರ್ ಆರ್ನಾಲ್ಡ್ ನ್ಯೂಮನ್ 1946ರಲ್ಲಿ ಸಂಗೀತ ರಚನಕಾರ ಸ್ಟ್ರಾವಿನ್‌ಸ್ಕಿಯವರನ್ನು ಚಿತ್ರಿಸುವಾಗ ಪಿಯಾನೊದ ತೆರೆದ ಮುಚ್ಚಳಕ್ಕೇ ಬಹುಪಾಲು ಜಾಗ ಕೊಟ್ಟು, ಅವರನ್ನು ಎಡ ಮೂಲೆಯಲ್ಲಿ ತಲೆಗೆ ಕೈಕೊಟ್ಟು ಕೂರಿಸಿದ. ಹೇಳಿ ತೆಗೆಸಿದ ಪತ್ರಿಕೆ ಆ ಚಿತ್ರವನ್ನು ತಿರಸ್ಕರಿಸಿತು. ಇಂದು ಸ್ಟ್ರಾವಿನ್‌ಸ್ಕಿ ಎಂದರೆ ಜನರ ಕಣ್ಣಿಗೆ ಬರುವುದು ಅದೇ. ಇನ್ನೊಬ್ಬ ಭಾವಚಿತ್ರಕಾರ ಯೂಸುಫ್ ಕಾರ್ಶ್ ಇನ್ನೂ ಮುಂದೆ ಹೋದ. 1954ರಲ್ಲಿ ಫ್ರಾನ್ಸಿನ ಪ್ರಾದ್ ಊರಿನ ಹಳೆಯ ಮಠವೊಂದರಲ್ಲಿ ಪಾಬ್ಲೊ ಕಸಾಲ್ಸ್ ಚೆಲ್ಲೊ ಎಂಬ ದೊಡ್ಡ ಪಿಟೀಲನ್ನು ನುಡಿಸುತ್ತಿದ್ದಾಗ ಆತ ತೆಗೆದದ್ದು ಬೆನ್ನಿನ ಚಿತ್ರ. ಮುಖವೇ ಇಲ್ಲ. ಕಲ್ಲಿನ ಗೋಡೆ, ಎತ್ತರದಲ್ಲೊಂದು ಕಿಟಕಿ, ಬೋಳು ತಲೆ. ಆ ಧೈರ್ಯ ನನಗಿಲ್ಲ; ಹಾಸನದಲ್ಲಿ ಸನ್ಮಾನಿತರ ಬೆನ್ನಿನ ಫೋಟೊ ಕೊಟ್ಟರೆ ಮುಂದಿನ ಆರಾಧನೆಗೆ ನನ್ನನ್ನು ಕರೆಯುವವರಿಲ್ಲ.

ಮೂಲೆಯಲ್ಲಿ ಗವಸು ಹಾಕಿದ ತಂಬೂರಿ ಕಂಡಿತು. ತಂಬೂರಿಯ ಬದಲು ಶ್ರುತಿ ಹಿಡಿಯುವ ಶ್ರುತಿ ಪೆಟ್ಟಿಗೆ ಬಂದ ಮೇಲೆ ಅದನ್ನು ಮುಟ್ಟಿರಲಿಲ್ಲವಂತೆ. ಬೆಳಕು ಚೆನ್ನಾಗಿರುವ ಉತ್ತರದ ಕಿಟಕಿಯ ಬಳಿ ಚಾಪೆ ಹಾಸಿಸಿ, "ಒಂದು ಸಲ ಶ್ರುತಿ ಮಾಡಿ, ಹಾಡುವುದು ಬೇಡ" ಎಂದೆ. ಫೋಟೊ ಮುಗಿಯಿತೆಂದುಕೊಂಡರೋ ಏನೋ, ಶಾಲು ಪಕ್ಕಕ್ಕಿಟ್ಟು ಆರಾಮಾಗಿ ಕುಳಿತರು. ಮೊದಲ ತಂತಿ, ಪಂಚಮ, ಬೇಗ ಬಂತು. ನಡುವಿನ ಎರಡು ಸಾರಣಿ ತಂತಿಗಳಿಗೆ ಅವನ್ನು ಬಿಗಿಯುವ ಬಿರಡೆ ತಿರುಗಿಸಿದರು, ಮಣಿ ಸರಿಸಿದರು. ತಂತಿಗಳನ್ನು ಹೊರುವ ಕುದುರೆಯ ಮೇಲೆ ತಂತಿಯ ಕೆಳಗಿರುವ ನೂಲನ್ನು, ಜೀವಾಳಿಯನ್ನು, ಕೂದಲೆಳೆಯಷ್ಟು ಹಿಂದಕ್ಕೆಳೆದು ಮುಂದಕ್ಕೆ ತಳ್ಳಿದರು. ಆ ನೂಲು ತನ್ನ ಜಾಗಕ್ಕೆ ಬಂದಾಗಲೇ ತಂತಿಯ ನಾದ ಅರಳುವುದು. ಅರೆಪಾಲು ಆಚೀಚೆಯಾದರೆ ಬರೀ ಟಣ್ ಎನ್ನುತ್ತದೆ. ಕೊನೆಗೆ ಎಲ್ಲಕ್ಕಿಂತ ತಗ್ಗಿನ ತಂತಿ, ಮಂದ್ರ ಷಡ್ಜ. ಅದಂತೂ ಸೇರಲೊಲ್ಲದು. ಕೆನ್ನೆಯನ್ನು ದಂಡಿಗೆ ತಾಗುವಷ್ಟು ಹತ್ತಿರ ತಂದು, ಕಣ್ಣು ತೆರೆದೇ ಇದ್ದರೂ ಏನನ್ನೂ ನೋಡದೆ ಕೇಳುತ್ತ ಕುಳಿತರು. ನಾನು ಅಲ್ಲಿರುವುದು ಅವರಿಗೆ ಮರೆತೇ ಹೋಗಿತ್ತು. ಅಡುಗೆಮನೆಯಿಂದ ಮನೆಯವರು ಕಾಫಿ ಬೆರೆಸಲೇ ಎಂದು ಕೇಳಿದ್ದಕ್ಕೂ ಉತ್ತರವಿಲ್ಲ.

ರಾತ್ರಿಯ ಕಚೇರಿಯದು ಬೇರೆ ಕಷ್ಟ. ಸಭಾಂಗಣದವರು ವೇದಿಕೆಗೆ ಹೊಸದಾಗಿ ಬಣ್ಣದ ಎಲ್‌ಇಡಿ ದೀಪಗಳನ್ನು ಹಾಕಿಸಿದ್ದರು. ಕಾಂಭೋಜಿ ರಾಗದ ಆಲಾಪನೆ ನಡೆಯುವಾಗ ಗಾಯಕರ ಹಣೆ ನೀಲಿ, ಪಿಟೀಲು ವಾದಕಿಯ ಸೀರೆ ನೇರಳೆ. ಬೇಡಿಕೊಂಡು ಬಣ್ಣದವನ್ನು ನಂದಿಸಿ ಬಿಳಿಯದನ್ನು ಮಾತ್ರ ಉಳಿಸಿಕೊಂಡೆ. ಹಳೆಯ ಕ್ಯಾಮೆರಾದ ಕನ್ನಡಿ ಪ್ರತಿ ಸಲ ಚಟಕ್ ಎನ್ನುತ್ತಿತ್ತು. ಆಲಾಪನೆಯ ನಡುವೆ ಅದು ತಾಳ ತಪ್ಪಿದ ತಾಳವಾದ್ಯ. ಈಗಿನ ಮಿರರ್‌ಲೆಸ್ ಕ್ಯಾಮೆರಾದಲ್ಲಿ ಸದ್ದಿಲ್ಲದ ಶಟರ್ ಇದೆ, ಆದರೆ ಅಗ್ಗದ ದೀಪಗಳ ಕೆಳಗೆ ಅದು ಚಿತ್ರದ ತುಂಬ ಅಡ್ಡಪಟ್ಟಿ ಎಳೆಯುತ್ತದೆ. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತನದ್ದು, ಅಂಥ ದೀಪ 100 ಸಲ ಮಿಡಿಯುತ್ತದೆ. ಶಟರನ್ನು 1/100 ಸೆಕೆಂಡಿನಲ್ಲಿ ನಿಲ್ಲಿಸಿದರೆ ಹೆಚ್ಚಿನ ದೀಪಗಳಲ್ಲಿ ಪಟ್ಟಿ ಮಾಯ. ಇದರಿಂದ ಒಂದು ಲಾಭವೂ ಇದೆ. ಆ ವೇಗದಲ್ಲಿ ಮೃದಂಗದವರ ಮುಖ ಸ್ಪಷ್ಟ, ಬೆರಳುಗಳು ಮಾತ್ರ ಬಲಮುಖದ ನಡುವಿನ ಕರಣೆಯ ಕಪ್ಪಿನ ಮೇಲೆ ಹೊಗೆಯಾಗುತ್ತವೆ. ಬೆರಳನ್ನು ಕಲ್ಲಿನಂತೆ ನಿಲ್ಲಿಸುವ 1/500ರ ಚಿತ್ರಗಳು ನನಗೆ ಯಾವತ್ತೂ ಹಿಡಿಸಿಲ್ಲ, ನುಡಿಸುತ್ತಿದ್ದಾರೋ ಮೃದಂಗ ಒರೆಸುತ್ತಿದ್ದಾರೋ ತಿಳಿಯುವುದಿಲ್ಲ.

ಇನ್ನು ಮೈಕು. ಎದುರಿನಿಂದ ತೆಗೆದರೆ ಅದು ಗಾಯಕರ ಬಾಯನ್ನೇ ನುಂಗುತ್ತದೆ. ಪಕ್ಕಕ್ಕೆ ಸರಿದರೆ ಮುಂದಿನ ಸಾಲಿನ ಅಧ್ಯಕ್ಷರ ಮಂಡಿಗೆ ಅಡ್ಡ. ಮೃದಂಗದ ಬಲಮುಖ ಸಭೆಯ ಕಡೆಗಿರಲೆಂದು ಬಲಗೈ ವಾದಕರು ಗಾಯಕರ ಬಲಕ್ಕೆ ಕೂರುತ್ತಾರೆ, ಪಿಟೀಲಿನವರು ಎಡಕ್ಕೆ. ನಾನು ಮೃದಂಗದ ಕಡೆಯ ಮೆಟ್ಟಿಲಿನ ಮೇಲೆ ಕುಳಿತು, 85 ಎಂಎಂ ಲೆನ್ಸನ್ನು ಆಚೆಗೆ ತಿರುಗಿಸಿ ಕಾದೆ. ಗಾಯಕರು ಒಂದು ಸಂಗತಿ, ಅಂದರೆ ರಾಗದ ಒಂದು ತುಣುಕು, ಹಾಡಿ ನಿಲ್ಲಿಸುತ್ತಾರೆ. ಪಿಟೀಲು ಅದನ್ನೇ ಹಿಂಬಾಲಿಸಿ, ತನ್ನದೊಂದು ತಿರುವು ಸೇರಿಸಿ ಮರಳಿಸುತ್ತದೆ. ಆಗ ಗಾಯಕರು ಮೈಕಿನಿಂದ ಹಿಂದೆ ಸರಿದು, ವಾದಕಿಯತ್ತ ಹೊರಳಿ, ತುಟಿ ಬಿಗಿದು ಕೇಳುತ್ತಾರೆ. ಮೈಕು ತಾನಾಗಿಯೇ ದಾರಿ ಬಿಡುತ್ತದೆ. ಆ ವಾದಕಿ ವಯಸ್ಸಿನಲ್ಲಿ ತುಂಬ ಚಿಕ್ಕವರು. ಅವರು ಕಾಂಭೋಜಿಯಲ್ಲಿ ಮೇಲಿನ ಷಡ್ಜಕ್ಕೆ ಏರಿ ಅಲ್ಲೇ ತಂಗಿದಾಗ ಗಾಯಕರ ಹುಬ್ಬು ಮೇಲೆದ್ದು ಹಾಗೆಯೇ ಉಳಿಯಿತು. "ಭಲೇ" ಎನ್ನುವುದಕ್ಕೆ ಮುಂಚಿನ ಮುಖ ಅದು.

ನಮ್ಮ ಜಿಲ್ಲೆಯ ಹೊಯ್ಸಳ ಶಿಲ್ಪಿಗಳಿಗೆ ಈ ಗುಟ್ಟು ಚೆನ್ನಾಗಿ ಗೊತ್ತಿತ್ತು. ಹಳೇಬೀಡಿನ ಗೋಡೆಯಲ್ಲಿ ಕೊಳಲು ಹಿಡಿದ ಕೃಷ್ಣನಿದ್ದಾನೆ. ಕಲ್ಲಿನಲ್ಲಿ ನಾದ ಹೇಗೆ ತೋರಿಸುವುದು? ಶಿಲ್ಪಿ ಕೃಷ್ಣನ ಸುತ್ತ ಕಿವಿಗೊಟ್ಟ ಗೋವುಗಳನ್ನೂ ಗೋಪಾಲಕರನ್ನೂ ಕಡೆದ. ಮೂತಿ ಎತ್ತಿ ಮೈಮರೆತ ಹಸುಗಳನ್ನು ನೋಡಿದರೆ ಕೊಳಲು ನುಡಿಯುತ್ತಿದೆ ಎಂಬುದರಲ್ಲಿ ಅನುಮಾನ ಉಳಿಯುವುದಿಲ್ಲ. ಬೇಲೂರು, ಹಳೇಬೀಡು, ಸೋಮನಾಥಪುರಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಮೇಲೆ ಅಲ್ಲಿ ಮದನಿಕೆಯರ ಎದುರು ಸೆಲ್ಫಿಯವರ ಸಾಲು ದೊಡ್ಡದಾಗಿದೆ, ಹಸುಗಳನ್ನು ಕೇಳುವವರಿಲ್ಲ.

ತಾಳವಾದ್ಯಗಳಷ್ಟೇ ನುಡಿಯುವ ತನಿ ಆವರ್ತನ ಬಂದಾಗ ಅರ್ಧ ಸಭೆ ಎದ್ದು ಕಾಫಿಗೆ ಹೋಯಿತು. ಫೋಟೊಗ್ರಾಫರನಿಗೆ ಅದೇ ಸುಗ್ಗಿ. ಸದ್ದಿನ ಭಯವಿಲ್ಲ, ಅಡ್ಡ ತಲೆಗಳಿಲ್ಲ, ಮೃದಂಗ ಮತ್ತು ಘಟ ಒಂದನ್ನೊಂದು ಕೆಣಕುತ್ತ ಮುಕ್ತಾಯದತ್ತ ಓಡುವಾಗ ತಾಳ ಹಾಕುವ ಗಾಯಕರ ಬೆರಳಿನಲ್ಲಿ ಲೆಕ್ಕ, ಕಣ್ಣಿನಲ್ಲಿ ಆತಂಕ, ಸಮಕ್ಕೆ ಬಂದು ಕೂಡಿದಾಗ ನಾಲ್ವರೂ ಒಟ್ಟಿಗೆ ನಕ್ಕದ್ದು, ಎಲ್ಲವೂ ಸಿಕ್ಕಿತು.

ಆರಿಸಿದ ಚಿತ್ರಗಳನ್ನು ಸಭೆಯವರಿಗೆ ತೋರಿಸಿದೆ. ಹುಬ್ಬೇರಿಸಿ ಕೇಳುತ್ತಿರುವ ಗಾಯಕರ ಚಿತ್ರ ಮೊದಲನೆಯದು. ಕಾರ್ಯದರ್ಶಿಗಳು ಕನ್ನಡಕ ಸರಿಪಡಿಸಿಕೊಂಡು, "ಬಾಯಿ ಮುಚ್ಚಿದೆಯಲ್ಲ! ಯಾರದೋ ಭಾಷಣಕ್ಕೆ ಕುಳಿತಿದ್ದಾರೆ ಎಂದುಕೊಳ್ಳುತ್ತಾರೆ ಜನ" ಎಂದರು. ವರದಿಗೆ ಹೋದದ್ದು ಗೋಷ್ಠಿಯ ಅಗಲದ ಫೋಟೊ. ಪಿಟೀಲಿನ ಹುಡುಗಿ ಮಾತ್ರ ಗಾಯಕರ ಆ ಚಿತ್ರವನ್ನು ಕೇಳಿ ತರಿಸಿಕೊಂಡರು. ಅದರಲ್ಲಿ ಅವರ ಬಿಲ್ಲಿನ ತುದಿ ಬಿಟ್ಟರೆ ಅವರದೇನೂ ಕಾಣುವುದಿಲ್ಲ.

ತಂಬೂರಿಯ ಚಿತ್ರವನ್ನು ದೊಡ್ಡದಾಗಿ ಮುದ್ರಿಸಿಕೊಂಡು ವಿದ್ವಾಂಸರ ಮನೆಗೆ ಹೋದೆ. ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಬಿರಡೆಯ ಮೇಲಿನ ತಮ್ಮ ಕೈಯನ್ನು ಬೆರಳಿನಿಂದ ಮುಟ್ಟಿ, "ಇದು ಮಂದ್ರ. ಇನ್ನೂ ಸೇರಿಲ್ಲ" ಎಂದರು.

"ಹೌದು, ಆಗಲೇ ತೆಗೆದದ್ದು."

"ಶ್ರುತಿ ಸೇರದೆ ಇರುವುದನ್ನು ಗೋಡೆಗೆ ಹಾಕುವುದೇ? ಸೇರಿದ ಮೇಲೆ ತೆಗೆದದ್ದು ಇಲ್ಲವೇ?"

ಇತ್ತು. ಶ್ರುತಿ ಸೇರಿದ ಖುಷಿಯಲ್ಲಿ ಶಾಲನ್ನು ಮತ್ತೆ ಹೊದ್ದು, ನೇರವಾಗಿ ಕ್ಯಾಮೆರಾ ನೋಡಿ ನಕ್ಕದ್ದು. ಮೊಬೈಲಿನಲ್ಲಿ ತೋರಿಸಿದೆ. ಅದನ್ನೇ ಇದೇ ಅಳತೆಯಲ್ಲಿ ಕಟ್ಟು ಹಾಕಿಸಿ ಕೊಡಲು ಹೇಳಿದರು. ಹಿಂದೆ ಪ್ರಶಸ್ತಿ ಫಲಕಗಳನ್ನು ಸೇರಿಸಲು ಆಗುತ್ತದೆಯೇ ಎಂದೂ ಕೇಳಿದರು.