ಹುಟ್ಟಿನಿಂದಲೋ, ಬೆಳೆಸಿದ್ದರಿಂದಲೋ?

ನಾನು ಮನಃಶಾಸ್ತ್ರ ಪಾಠ ಮಾಡುವವಳು ಎಂದು ಗೊತ್ತಾದ ಮೇಲೆ ಜನ ತಪ್ಪದೆ ಕೇಳುವ ಪ್ರಶ್ನೆ ಒಂದಿದೆ: ಮಕ್ಕಳು ಗಂಡಿನ ಹಾಗೆ, ಹೆಣ್ಣಿನ ಹಾಗೆ ಆಗುವುದು ಹುಟ್ಟಿನಿಂದಲೋ, ನಾವು ಬೆಳೆಸುವ ರೀತಿಯಿಂದಲೋ? ಕೆಲವರದು ಬರೀ ಕುತೂಹಲ. ಕೆಲವು ತಂದೆತಾಯಿಯರ ದನಿಯಲ್ಲಿ ಮಾತ್ರ ಆತಂಕ ಇರುತ್ತದೆ. ಮಗ ಗೊಂಬೆ ಬಿಡುವುದಿಲ್ಲ, ಮಗಳು ಫ್ರಾಕ್ ಮುಟ್ಟುವುದಿಲ್ಲ, ನಮ್ಮಿಂದ ಏನಾದರೂ ತಪ್ಪಾಯಿತಾ ಅಂತ. ಅವರನ್ನು ನೆನೆದೇ ಇದನ್ನು ಬರೆಯುತ್ತಿದ್ದೇನೆ.

ಈ ಪ್ರಶ್ನೆಗೆ ಒಂದೇ ಉತ್ತರ ಸಿಗದಿರುವುದಕ್ಕೆ ಕಾರಣ, ಅದರೊಳಗೆ ಬೇರೆ ಬೇರೆ ವಿಷಯಗಳು ಕಲೆತುಹೋಗಿವೆ. ‘ನಾನು ಹೆಣ್ಣು’ ಅಥವಾ ‘ನಾನು ಗಂಡು’ ಎಂಬ ಒಳಗಿನ ಅರಿವು ಒಂದು. ಯಾವ ಆಟ ಇಷ್ಟ ಎಂಬ ಒಲವು ಬೇರೆ. ಏನು ಕೈಲಾಗುತ್ತದೆ ಎಂಬುದು ಇನ್ನೂ ಬೇರೆ. ದೇಹದ ಪಾಲು ಇವೆಲ್ಲದರಲ್ಲೂ ಸಮನಾಗಿಲ್ಲ.

ಗರ್ಭದಲ್ಲಿ ಮೊದಲ ಆರು ವಾರಗಳಷ್ಟು ಕಾಲ ಭ್ರೂಣದ ಲಿಂಗಗ್ರಂಥಿ ವೃಷಣವೂ ಆಗಬಲ್ಲದು, ಅಂಡಾಶಯವೂ ಆಗಬಲ್ಲದು. ವೈ ಕ್ರೋಮೋಸೋಮಿನ ಮೇಲಿರುವ, 1990ರಲ್ಲಿ ಗುರುತಿಸಲಾದ ಎಸ್‌ಆರ್‌ವೈ ಎಂಬ ಜೀನ್ ಕೆಲಸ ಶುರುಮಾಡಿದರೆ ಅದು ವೃಷಣವಾಗಿ ಟೆಸ್ಟೋಸ್ಟಿರೋನ್ ಎಂಬ ಗಂಡುಹಾರ್ಮೋನನ್ನು ಸ್ರವಿಸತೊಡಗುತ್ತದೆ. ಈ ಹಾರ್ಮೋನಿನ ಪ್ರಭಾವ ಜನನಾಂಗಕ್ಕಷ್ಟೇ ನಿಲ್ಲುವುದಿಲ್ಲ. ಕಂಜೆನಿಟಲ್ ಅಡ್ರಿನಲ್ ಹೈಪರ್‌ಪ್ಲೇಸಿಯಾ ಎಂಬ ಆನುವಂಶಿಕ ಸ್ಥಿತಿ ಇರುವ ಹೆಣ್ಣುಮಕ್ಕಳಿಗೆ ಗರ್ಭದಲ್ಲೇ ಗಂಡುಹಾರ್ಮೋನು ಹೆಚ್ಚು ಸಿಕ್ಕಿರುತ್ತದೆ. ಷೆರಿ ಬೆರೆನ್‌ಬಾಮ್ ಮತ್ತು ಮೆಲಿಸಾ ಹೈನ್ಸ್ 1992ರಲ್ಲಿ ತೋರಿಸಿದ ಹಾಗೆ, ಆ ಹುಡುಗಿಯರು ಈ ಸ್ಥಿತಿ ಇಲ್ಲದ ತಮ್ಮ ಅಕ್ಕತಂಗಿಯರಿಗಿಂತ, ಸಂಬಂಧಿಕರ ಹುಡುಗಿಯರಿಗಿಂತ ಕಾರು, ಲಾರಿ, ಬ್ಲಾಕ್‌ಗಳ ಜೊತೆ ಹೆಚ್ಚು ಹೊತ್ತು ಆಡುತ್ತಾರೆ. ಆದರೆ ‘ನೀನು ಯಾರು’ ಎಂದರೆ ಅವರಲ್ಲಿ ಬಹುಪಾಲು ಮಂದಿ ‘ನಾನು ಹುಡುಗಿ’ ಎಂದೇ ಹೇಳುತ್ತಾರೆ. ನನಗೆ ಇದು ತುಂಬ ಮುಖ್ಯವಾಗಿ ಕಾಣುತ್ತದೆ. ಆಟದ ಒಲವನ್ನು ಅಷ್ಟು ಸರಿಸಿದ ಹಾರ್ಮೋನು ಒಳಗಿನ ಅರಿವನ್ನು ಹೆಚ್ಚಿನವರಲ್ಲಿ ಕದಲಿಸಲಿಲ್ಲ.

ಹಾಗಾದರೆ ಆ ಅರಿವು ಬೆಳೆಸಿದ್ದರಿಂದ ಬರುತ್ತದೆಯೇ? ಹಾಗೆಂದು ದೃಢವಾಗಿ ನಂಬಿದವರು ಮನಃಶಾಸ್ತ್ರಜ್ಞ ಜಾನ್ ಮನಿ. ಕೆನಡಾದಲ್ಲಿ 1965ರಲ್ಲಿ ಹುಟ್ಟಿದ ತದ್ರೂಪಿ ಅವಳಿ ಗಂಡುಮಕ್ಕಳಲ್ಲಿ ಒಬ್ಬನ ಶಿಶ್ನ ಮುಂದೊಗಲು ತೆಗೆಯುವಾಗ ಸುಟ್ಟುಹೋಯಿತು. ಮನಿಯವರ ಸಲಹೆಯಂತೆ ಆ ಮಗುವನ್ನು ಹೆಣ್ಣುಮಗುವಾಗಿ ಬೆಳೆಸಿದರು. ಹೆಸರು ಬದಲಾಯಿತು, ಶಸ್ತ್ರಚಿಕಿತ್ಸೆ ಆಯಿತು, ಮುಂದೆ ಹಾರ್ಮೋನನ್ನೂ ಕೊಟ್ಟರು. ಪ್ರಯೋಗ ಫಲಿಸಿತೆಂದು ಮನಿ ಬರೆದರು. ಫಲಿಸಿರಲಿಲ್ಲ. ಹದಿನಾಲ್ಕರ ವಯಸ್ಸಿನಲ್ಲಿ ನಿಜ ತಿಳಿದ ಮಗು ಗಂಡಾಗಿ ಬದುಕುವುದನ್ನು ಆರಿಸಿಕೊಂಡು ಡೇವಿಡ್ ಎಂದು ಹೆಸರಿಟ್ಟುಕೊಂಡಿತು. ಮಿಲ್ಟನ್ ಡೈಮಂಡ್ ಮತ್ತು ಕೀತ್ ಸಿಗ್ಮಂಡ್ಸನ್ 1997ರಲ್ಲಿ ಈ ಸತ್ಯವನ್ನು ಪ್ರಕಟಿಸಿದರು. ಡೇವಿಡ್ ರೀಮರ್ 2004ರಲ್ಲಿ ತಮ್ಮ ಬದುಕನ್ನು ಕೊನೆಗೊಳಿಸಿಕೊಂಡರು. ಒಬ್ಬ ಮನುಷ್ಯನ ಇಡೀ ಬಾಲ್ಯವನ್ನು ಒಂದು ಸಿದ್ಧಾಂತಕ್ಕೆ ಪುರಾವೆಯಾಗಿ ಬಳಸಿದ್ದನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಇಷ್ಟಾದರೂ ‘ಹಾಗಿದ್ದರೆ ಎಲ್ಲವೂ ಹುಟ್ಟಿನಿಂದಲೇ’ ಎನ್ನಲು ನಾನು ತಯಾರಿಲ್ಲ. ಇಂಥದೇ ಅವಘಡಕ್ಕೆ ಸಿಕ್ಕಿ, ಇನ್ನೂ ಎಳೆಯ ವಯಸ್ಸಿನಲ್ಲೇ ಹೆಣ್ಣಾಗಿ ಬೆಳೆದ ಮತ್ತೊಂದು ಮಗು ದೊಡ್ಡವಳಾದ ಮೇಲೂ ತನ್ನನ್ನು ಹೆಣ್ಣೆಂದೇ ಕಂಡುಕೊಂಡಿದ್ದು 1998ರಲ್ಲಿ ವರದಿಯಾಯಿತು.

ಮನಃಶಾಸ್ತ್ರದ ವಿವರಣೆಗಳಲ್ಲಿ, ಮಗು ತಂದೆತಾಯಿಯರಲ್ಲಿ ತನ್ನದೇ ಲಿಂಗದವರೊಂದಿಗೆ ತನ್ನನ್ನು ಗುರುತಿಸಿಕೊಂಡು ಗಂಡೋ ಹೆಣ್ಣೋ ಆಗುತ್ತದೆ ಎಂದು ಫ್ರಾಯ್ಡ್ ಹೇಳಿದ್ದನ್ನು ಇಂದು ಹಿಡಿದುಕೊಳ್ಳುವ ಅಗತ್ಯ ಇಲ್ಲ. ಮನಃಶಾಸ್ತ್ರಜ್ಞ ಲಾರೆನ್ಸ್ ಕೋಲ್‌ಬರ್ಗ್ 1966ರಲ್ಲಿ ಹೇಳಿದ ಮಾತು ಇನ್ನೂ ಜೀವಂತವಾಗಿದೆ: ಮಗು ನಾವು ತುಂಬಿದ್ದನ್ನು ಸುಮ್ಮನೆ ತುಂಬಿಕೊಳ್ಳುವುದಿಲ್ಲ, ತಾನೇ ಅರ್ಥ ಕಟ್ಟಿಕೊಳ್ಳುತ್ತದೆ. ಆದರೆ ಲಿಂಗ ಬದಲಾಗದೆ ಹಾಗೇ ಉಳಿಯುತ್ತದೆ ಎಂಬ ತಿಳಿವಳಿಕೆ ಆರೇಳು ವರ್ಷಕ್ಕೆ ಗಟ್ಟಿಯಾದ ಮೇಲೆ ಮಗು ತನ್ನದೇ ಲಿಂಗದವರನ್ನು ಅನುಕರಿಸತೊಡಗುತ್ತದೆ ಎಂದರು ಅವರು. ಮೂರು ವರ್ಷದ ಮಕ್ಕಳೇ ‘ಇದು ಹುಡುಗರ ಆಟ’ ಎಂದು ವಿಂಗಡಿಸುವುದನ್ನು ನೋಡಿದರೆ ಆ ಕ್ರಮ ಹೊಂದುವುದಿಲ್ಲ. ಸಾಂಡ್ರಾ ಬೆಮ್ 1981ರಲ್ಲಿ ಮಂಡಿಸಿದ ಸ್ಕೀಮಾ, ಅಂದರೆ ಮನಸ್ಸಿನ ಚೌಕಟ್ಟಿನ ಸಿದ್ಧಾಂತವೇ ನನಗೆ ಹೆಚ್ಚು ಒಪ್ಪಿಗೆ. ಸಮಾಜ ಎಲ್ಲವನ್ನೂ ಗಂಡು, ಹೆಣ್ಣು ಎಂದು ಬೇರ್ಪಡಿಸಿ ತೋರಿಸುತ್ತಿದ್ದರೆ ಮಗುವೂ ಅದೇ ಕಣ್ಣಿನಿಂದ ಎಲ್ಲವನ್ನೂ ನೋಡಲು ಕಲಿಯುತ್ತದೆ.

ದೊಡ್ಡವರು ಹೇಗೆ ಬೇರ್ಪಡಿಸುತ್ತಾರೆ ಎನ್ನುವುದಕ್ಕೆ 1976ರ ಒಂದು ಪ್ರಯೋಗ ನೋಡಿ. ಪೆಟ್ಟಿಗೆಯಿಂದ ಥಟ್ಟನೆ ಚಿಮ್ಮುವ ಗೊಂಬೆ ಕಂಡು ಅಳುವ ಮಗುವಿನ ಒಂದೇ ವಿಡಿಯೊ. ಅದು ಗಂಡುಮಗು ಎಂದು ಹೇಳಿದ್ದಾಗ ನೋಡಿದವರಿಗೆ ಕಂಡದ್ದು ಸಿಟ್ಟು, ಹೆಣ್ಣುಮಗು ಎಂದಾಗ ಕಂಡದ್ದು ಹೆದರಿಕೆ. 2000ದಲ್ಲಿ ಹನ್ನೊಂದು ತಿಂಗಳ ಮಕ್ಕಳ ತಾಯಂದಿರಿಗೆ, ನಿಮ್ಮ ಮಗು ಎಷ್ಟು ಕಡಿದಾದ ಇಳಿಜಾರಿನಲ್ಲಿ ಅಂಬೆಗಾಲಿಡಬಲ್ಲದು ಎಂದು ಕೇಳಿದರು. ಹೆಣ್ಣುಮಕ್ಕಳ ತಾಯಂದಿರು ಮಗುವಿಗೆ ಆಗುವುದಕ್ಕಿಂತ ಕಡಿಮೆ ಹೇಳಿದರು. ಇಳಿಸಿ ನೋಡಿದರೆ ಗಂಡು, ಹೆಣ್ಣುಮಕ್ಕಳಲ್ಲಿ ವ್ಯತ್ಯಾಸವೇ ಇರಲಿಲ್ಲ.

ದೊಡ್ಡವರಲ್ಲೂ ಸಾಮರ್ಥ್ಯದ ಕಥೆ ಹೆಚ್ಚುಕಡಿಮೆ ಇದೇ. ಜಾನೆಟ್ ಹೈಡ್ 2005ರಲ್ಲಿ 46 ಮೆಟಾ ವಿಶ್ಲೇಷಣೆಗಳನ್ನು (ಒಂದೇ ವಿಷಯದ ಹಲವು ಅಧ್ಯಯನಗಳನ್ನು ಸೇರಿಸಿ ನೋಡುವ ವಿಶ್ಲೇಷಣೆಗಳನ್ನು) ಒಟ್ಟಿಗಿಟ್ಟು ನೋಡಿದಾಗ ಗಂಡುಹೆಣ್ಣಿನ ಮನೋವ್ಯತ್ಯಾಸಗಳಲ್ಲಿ ನೂರಕ್ಕೆ 78ರಷ್ಟು ಸಣ್ಣವು, ಇಲ್ಲವೇ ಸೊನ್ನೆಗೆ ಹತ್ತಿರದವು.

ಈಗ ಆತಂಕದ ತಂದೆತಾಯಿಯರಿಗೆ. ಮಗ ಗೊಂಬೆ ಆಡಿದರೆ ಅದು ಒಲವು ಅಷ್ಟೇ, ಅದರಿಂದ ಅವನ ಒಳಗಿನ ಅರಿವಿನ ಬಗ್ಗೆ ಏನೂ ತೀರ್ಮಾನಿಸಬೇಡಿ. ಮಗು ‘ನಾನು ನೀವು ಹೇಳುವ ಹಾಗಲ್ಲ’ ಎಂದು ವರ್ಷಗಟ್ಟಲೆ ಹೇಳುತ್ತಿದ್ದರೆ ಕೂತು ಕೇಳಿ. ನಿಮ್ಮನ್ನು ನೀವು ದೂರಿಕೊಳ್ಳಬೇಡಿ. ಡೇವಿಡ್ ವಿಷಯದಲ್ಲಿ ವೈದ್ಯರು, ಮನೆಯವರು ಎಲ್ಲ ಸೇರಿ ವರ್ಷಾನುಗಟ್ಟಲೆ ಪಟ್ಟುಹಿಡಿದರೂ ಆಗದಿದ್ದದ್ದು, ನೀವು ಕೊಡಿಸಿದ ಒಂದು ಗೊಂಬೆಯಿಂದ ಆಗಿಬಿಡುತ್ತದೆಯೇ?