ಜಾಲಾರಿ ಬೀಜ ನಮಗಾಗಿ ಕಾಯುವುದಿಲ್ಲ

ಎರಡು ಗೋಣಿಚೀಲ ಜಾಲಾರಿ ಮರದ ಬೀಜವನ್ನು ನಾನು ಕೈಯಾರೆ ಹಾಳು ಮಾಡಿದ್ದೇನೆ. ನರ್ಸರಿ ಕೆಲಸಕ್ಕೆ ಸೇರಿದ ಮೊದಲ ವರ್ಷ ಅದು. ತುಮಕೂರಿನ ದೇವರಾಯನದುರ್ಗ ಬೆಟ್ಟದ ಕಡೆ ಬೆಂಕಿ ಬಿದ್ದು, ದನ ಮೇಯ್ದು ಬೋಳಾದ ಇಳಿಜಾರುಗಳಿಗೆ ನಾವು ಕಾಡು ಗಿಡಗಳ ಸಸಿ ಬೆಳೆಸಿ ಕೊಡುತ್ತೇವೆ.

ಮೇ ಕೊನೆಯಲ್ಲಿ ಬೀಜ ಆರಿಸಿ ತಂದೆವು. ಜಾಲಾರಿ ಕಾಯಿಗೆ ರೆಕ್ಕೆ ಇರುತ್ತದೆ, ಗಾಳಿಗೆ ತಿರುಗುತ್ತಾ ಬೀಳುತ್ತದೆ. ಆದರೆ ಸಸಿ ಬೆಳೆಸುವ ಪಾಲಿಥೀನ್ ಚೀಲ ಇನ್ನೂ ಬಂದಿರಲಿಲ್ಲ. ಹಣ ಮಂಜೂರಾಗಬೇಕು, ಸ್ವಲ್ಪ ಕಾಯಿರಿ ಎಂದರು. ಬೀಜ ತಾನೇ, ಒಣಗಿಸಿ ಇಟ್ಟರೆ ಆಯ್ತು ಅಂದುಕೊಂಡೆ. ಎರಡು ದಿನ ಬಿಸಿಲಿಗೆ ಹರಡಿ, ಮೂಟೆ ಕಟ್ಟಿ ಶೆಡ್ಡಿನಲ್ಲಿಟ್ಟೆ. ಒಂದು ತಿಂಗಳ ಮೇಲೆ ಚೀಲ ಬಂತು. ಬಿತ್ತಿ ಇಪ್ಪತ್ತು ದಿನ ನೀರು ಹಾಕಿದೆವು. ಒಂದೂ ಮೊಳೆಯಲಿಲ್ಲ. ಒಂದು ಬೀಜ ಒಡೆದು ನೋಡಿದರೆ ಒಳಗೆಲ್ಲ ಕಪ್ಪು.

ನಮ್ಮಲ್ಲಿ ಕಳೆ ಕೀಳುವ ಹಿರಿಯಕ್ಕ ಒಬ್ಬರಿದ್ದಾರೆ. ಬೆಟ್ಟದ ಬುಡದ ಊರಿನವರು. 'ಇದೇನು ರಾಗೀನಾ ಕಣಪ್ಪಾ, ಮೂಟೆ ಕಟ್ಟಿ ಇಡೋಕೆ?' ಎಂದರು. ಬೈದಿದ್ದಲ್ಲ, ಅವರಿಗೆ ನಿಜವಾಗಿ ಸಂಕಟ ಆಗಿತ್ತು.

ಆಮೇಲೆ ಓದಿ, ಕೇಳಿ ತಿಳಿದುಕೊಂಡೆ. ಮಲೆನಾಡಿನ ಧೂಪದ ಮರ, ಉತ್ತರ ಭಾರತದ ಸಾಲ್ ಮರ, ನಮ್ಮ ಬಯಲುಸೀಮೆ ಬೆಟ್ಟಗಳ ಜಾಲಾರಿ, ಮೂರೂ ಒಂದೇ ಕುಟುಂಬ. ಈ ಕುಟುಂಬದ ಹೆಚ್ಚಿನ ಮರಗಳ ಬೀಜಕ್ಕೆ ಒಣಗಿ ಮಲಗುವ ಗುಣವಿಲ್ಲ. ಒಳಗಿನ ತೇವ ಹೋದರೆ ಜೀವವೂ ಹೋಯ್ತು. ಬಿದ್ದ ಕೆಲವೇ ದಿನಗಳಲ್ಲಿ ಒದ್ದೆ ಮಣ್ಣು ಸಿಗಬೇಕು. ಮುಂಗಾರಿನ ಮೊದಲ ಮಳೆಗಳ ಹೊತ್ತಿಗೇ ಮರ ಬೀಜ ಉದುರಿಸುವುದು ಅದಕ್ಕೇ. ನಾನು ಬಿಸಿಲಿಗೆ ಹಾಕಿದಾಗಲೇ ಅರ್ಧ ಕೆಲಸ ಕೆಟ್ಟಿತ್ತು.

ಕಕ್ಕೆ ಮರದ್ದು ಇದಕ್ಕೆ ಪೂರ್ತಿ ಉಲ್ಟಾ. ಬೀಜ ಕಲ್ಲಿನ ಹಾಗೆ, ಇಟ್ಟರೆ ವರ್ಷಗಟ್ಟಲೆ ಇರುತ್ತದೆ. ಸುಮ್ನೆ ಬಿತ್ತಿದರೆ ಬೇಗ ಮೊಳೆಯುವುದಿಲ್ಲ. ಸಿಪ್ಪೆ ಉಜ್ಜಬೇಕು, ಇಲ್ಲವೇ ಬಿಸಿನೀರಿನಲ್ಲಿ ನೆನೆಸಬೇಕು. ಕಾಡಿನಲ್ಲಿ ಈ ಕೆಲಸಕ್ಕೆ ಕರಡಿ ಇದೆ. ಕಕ್ಕೆ ಕಾಯಿಯ ಸಿಹಿ ತಿರುಳು ಅದಕ್ಕೆ ಇಷ್ಟ. ತಿಂದು ಬೀಜವನ್ನು ದೂರ ದೂರಕ್ಕೆ ಒಯ್ದು ಹಿಕ್ಕೆಯಲ್ಲಿ ಬಿಡುತ್ತದೆ. ಬಂಡೆ ಪಕ್ಕದ ಕರಡಿ ಹಿಕ್ಕೆಯಲ್ಲಿ ಕಕ್ಕೆ ಮೊಳಕೆಗಳು ಗುಂಪಾಗಿ ಎದ್ದಿದ್ದನ್ನು ನೋಡಿದ ದಿನ, ನಾವು ಸಂಬಳ ತಗೊಂಡು ಮಾಡುವ ಕೆಲಸವನ್ನೇ ಇದು ಮಾಡುತ್ತಿದೆಯಲ್ಲ ಎಂದು ತುಂಬಾ ಹೊತ್ತು ಅಲ್ಲೇ ನಿಂತಿದ್ದೆ. ಕರಡಿ ಎಂದರೆ ನಮ್ಮ ಊರುಗಳಲ್ಲಿ ಭಯ ಇದೆ, ಅದು ಸುಳ್ಳಲ್ಲ. ಆದರೆ ಆ ಇಳಿಜಾರಿನಲ್ಲಿ ಕಕ್ಕೆ ನೆಟ್ಟವರು ಯಾರೂ ಇಲ್ಲ.

ಈಗ ನರ್ಸರಿಯ ಗೋಡೆ ಮೇಲೆ ಒಂದು ಪಟ್ಟಿ ಇದೆ. ಯಾವ ಮರ ಯಾವ ಮಳೆಗೆ ಬೀಜ ಬಿಡುತ್ತದೆ, ಎಷ್ಟು ದಿನದೊಳಗೆ ಬಿತ್ತಬೇಕು ಅಂತ. ಜಾಲಾರಿ ಮುಂದೆ 'ತಂದ ದಿನವೇ' ಎಂದಿದೆ. ಬೇವಿನ ಬೀಜವೂ ಜಾಸ್ತಿ ದಿನ ತಡೆಯುವುದಿಲ್ಲ. ಪಾಲಿಥೀನ್ ಚೀಲ ಬರದಿದ್ದರೂ ಮರಳು ಮಣ್ಣಿನ ಪಾತಿ ಏಪ್ರಿಲ್‌ನಲ್ಲೇ ಸಿದ್ಧ ಇರುತ್ತದೆ. ಬೀಜವನ್ನು ಒಂದೇ ಮರದಿಂದ ತರುವುದಿಲ್ಲ, ದೂರ ದೂರದ ಹತ್ತಾರು ಮರ ಹುಡುಕುತ್ತೇವೆ. ಒಂದೇ ತಾಯಿಯ ಮಕ್ಕಳನ್ನು ಬೆಟ್ಟದ ತುಂಬಾ ನೆಟ್ಟರೆ ಒಂದು ರೋಗಕ್ಕೆ ಎಲ್ಲವೂ ಹೋಗಬಹುದು. ಬುಡದಲ್ಲಿ ಬಿದ್ದಿದ್ದನ್ನೆಲ್ಲ ಬಾಚುವುದೂ ಇಲ್ಲ. ಕಾಡು ತಾನೇ ಬಿತ್ತಿಕೊಳ್ಳಲಿ ಎಂದು ಅರ್ಧ ಬಿಟ್ಟು ಬರುತ್ತೇವೆ.

ಇಷ್ಟೆಲ್ಲ ಯಾಕೆ, ನೀಲಗಿರಿ, ಅಕೇಶಿಯ ಹಾಕಿದರೆ ಬೇಗ ಹಸಿರಾಗುತ್ತದಲ್ವಾ ಎಂದು ಕೇಳುವವರಿದ್ದಾರೆ. ಹಸಿರೇನೋ ಆಗುತ್ತದೆ. ಆದರೆ ಕರಡಿಗೆ ಅಲ್ಲಿ ತಿನ್ನಲು ಹಣ್ಣು ಇರುವುದಿಲ್ಲ. ಜಾಲಾರಿಯಲ್ಲಾದರೆ ಅರಗಿನ ಹುಳು ಬದುಕುತ್ತದೆ. ಈ ಬೆಟ್ಟ ಚಿಕ್ಕದೇ, ಎತ್ತರ ಸುಮಾರು 1,200 ಮೀಟರ್. ಆದರೆ ಇಲ್ಲಿಂದ ಹುಟ್ಟುವ ಜಯಮಂಗಲಿ ಉತ್ತರ ಪಿನಾಕಿನಿ ಸೇರಿ ಆಂಧ್ರಕ್ಕೆ ಹೋಗುತ್ತದೆ, ಶಿಂಷಾ ದಕ್ಷಿಣಕ್ಕೆ ಹರಿದು ಕಾವೇರಿ ಸೇರುತ್ತದೆ. ಇಳಿಜಾರಿನ ಮಣ್ಣನ್ನು ಹಿಡಿದುಕೊಳ್ಳುವ ಬೇರು ಇಲ್ಲದಿದ್ದರೆ ಎರಡೂ ಕಡೆಯ ಕೆರೆಗಳಲ್ಲಿ ಹೂಳು ತುಂಬುತ್ತದೆ.

ಒಂದು ಕಷ್ಟ ಇನ್ನೂ ಇದೆ. ವನಮಹೋತ್ಸವ ಬರುವುದು ಜುಲೈ ಮೊದಲ ವಾರ. ಆಗ ನಮ್ಮ ಹೊಸ ಜಾಲಾರಿ ಸಸಿಗೆ ಮೂರೋ ನಾಲ್ಕೋ ಎಲೆ. ಅಷ್ಟು ಎಳೆಯದನ್ನು ಬೆಟ್ಟಕ್ಕೆ ಒಯ್ದರೆ ಬೇಸಿಗೆ ದಾಟುವುದಿಲ್ಲ, ಜನವರಿ ಕಳೆದರೆ ಒಣ ಹುಲ್ಲಿಗೆ ಬೆಂಕಿಯ ಭಯ ಬೇರೆ. ಒಂದು ವರ್ಷ ನರ್ಸರಿಯಲ್ಲೇ ಇಟ್ಟುಕೊಂಡು, ಮುಂದಿನ ಮಳೆಗಾಲಕ್ಕೆ ಕೊಡುತ್ತೇವೆ ಎಂದು ಸಸಿಗೆ ಬಂದವರನ್ನು ಪ್ರತಿ ಸಲವೂ ಕೇಳಿಕೊಳ್ಳಬೇಕು. ಕೆಲವರು ಒಪ್ಪುತ್ತಾರೆ, ಕೆಲವರು ಬೇರೆ ಸಸಿ ತಗೊಂಡು ಹೋಗುತ್ತಾರೆ.

ಮೊನ್ನೆ ಸಸಿ ಲೆಕ್ಕ ಕೇಳಿ ಫೋನ್ ಬಂತು. ಈ ಸಲ ಜಾಲಾರಿ ಎಷ್ಟು ಸಾವಿರ ಬರೆದುಕೊಳ್ಳಲಿ ಎಂದು ಕೇಳಿದರು. ಹಿರಿಯಕ್ಕ ಪಕ್ಕದಲ್ಲೇ ಪಾತಿಗೆ ಮರಳು ಜರಡಿ ಹಿಡಿಯುತ್ತಿದ್ದರು. ಮರ ಇನ್ನೂ ಹೂವಿನಲ್ಲಿದೆ ಸಾರ್, ಕಾಯಿ ಕಚ್ಚಲಿ, ನೋಡಿಕೊಂಡು ಬಂದು ಹೇಳುತ್ತೇನೆ ಎಂದೆ.